ಅದೇ ತಾರೀಖಿಗೆ ಹೋದವನು

ನನ್ನ ತಮ್ಮ ತೀರಿಕೊಂಡ ತಾರೀಖಿನಲ್ಲಿಯೇ, ಅದಕ್ಕೂ ಕೆಲವು ವರ್ಷ ಹಿಂದೆ, ಒಬ್ಬ ದೊಡ್ಡ ಗಾಯಕರು ತೀರಿಕೊಂಡಿದ್ದರು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಹಾಡು ಕೇಳಿಕೊಂಡೇ ನಾನೂ ಬೆಳೆದವಳು. ಆದರೆ ಆ ತಾರೀಖು ಹತ್ತಿರ ಬಂತೆಂದರೆ ನಮ್ಮ ಕಡೆಯ ಆರ್ಕೆಸ್ಟ್ರಾದವರೆಲ್ಲ ಅವರ ಫೋಟೋ ಹೊತ್ತುಕೊಂಡು ಓಡಾಡುತ್ತಾರೆ. ಹಾಸನದಲ್ಲೊಂದು ಗೀತನಮನ, ಅರಕಲಗೂಡಿನಲ್ಲೊಂದು, ಚನ್ನರಾಯಪಟ್ಟಣದಲ್ಲೊಂದು. ಫೋಟೋಗೆ ಹಾರ, ದೀಪ, ಎರಡು ಮಾತು, ಆಮೇಲೆ ಹಾಡು. ಹಾಗೆ ಹಾಡಲು ಹೋದ ನನ್ನ ತಮ್ಮ ಮನೆಗೆ ಬರಲಿಲ್ಲ.

ಅವತ್ತಿನಿಂದ ಜನ ನನಗೆ ಒಂದೇ ಮಾತು ಹೇಳುತ್ತಾ ಬಂದಿದ್ದಾರೆ. "ಎಂಥಾ ಪುಣ್ಯ ಕಣಮ್ಮ, ಗುರುಗಳು ತೀರೋದ ದಿನಾನೇ ತೀರೋದ." ಹೇಳುವವರ ಮುಖದಲ್ಲಿ ಒಂದು ಬಗೆಯ ಸಂತೋಷ ಇರುತ್ತದೆ, ನನಗೇನೋ ಒಳ್ಳೆಯ ಸುದ್ದಿ ಕೊಡುತ್ತಿರುವ ಹಾಗೆ. ನಾನು ತಲೆ ಆಡಿಸುತ್ತೇನೆ. ಪುಣ್ಯ ಎಲ್ಲಿದೆ ಎಂದು ನನಗೆ ಇವತ್ತಿಗೂ ಕಂಡಿಲ್ಲ. ನನಗೆ ಕಂಡಿರುವುದು ಇಷ್ಟೇ: ಅವನು ಸತ್ತ ದಿನ ಅವನದಲ್ಲ.

ಹುಟ್ಟಿದ ದಿನವೂ ಅವನದಾಗಿರಲಿಲ್ಲ. ನಮ್ಮೂರು ಹಳೇಕೋಟೆಯ ಶಾಲೆಗೆ ಸೇರಿಸುವಾಗ ಮೇಷ್ಟ್ರು ಹುಟ್ಟಿದ ತಾರೀಖು ಕೇಳಿದರೆ ನಮ್ಮವ್ವ "ಅವರೆಕಾಯಿ ಕಾಲ್ದಲ್ಲಿ ಸಾ" ಅಂದಿದ್ದಳು. ಅವರೆಕಾಯಿ ಕಾಲ ಅಂತ ಬರೆಯುವುದಕ್ಕೆ ಆಗುತ್ತದೆಯೇ? ಮೇಷ್ಟ್ರು ಬೇಸಿಗೆಯಲ್ಲಿ ತಮಗೆ ತೋಚಿದ ಒಂದು ತಾರೀಖು ಬರೆದುಕೊಂಡರು. ಅವನ ತರಗತಿಯ ಅರ್ಧ ಮಕ್ಕಳು ಅದೇ ದಿನ ಹುಟ್ಟಿದ್ದಾರೆ. ಆಧಾರ್ ಕಾರ್ಡಿನಲ್ಲೂ ಅದೇ, ಫೋನಿನಲ್ಲೂ ಅದೇ. ಪ್ರತಿ ವರ್ಷ ಆ ಬೇಸಿಗೆಯ ದಿನ ಯಾರ್ಯಾರೋ ಕೇಕಿನ ಚಿತ್ರ ಕಳಿಸುತ್ತಿದ್ದರು, ಅವನು ಎಲ್ಲರಿಗೂ ಥ್ಯಾಂಕ್ಸ್ ಹಾಕುತ್ತಿದ್ದ. ಅವರೆಕಾಯಿಗೂ ಬೇಸಿಗೆಗೂ ಏನು ಸಂಬಂಧ?

ಹೀಗೆ ಹುಟ್ಟಿದ ದಿನ ಗೊತ್ತಿಲ್ಲದವನಿಗೆ ಬೇರೆಯವರ ಹುಟ್ಟಿದ ದಿನದ ಹುಚ್ಚು. ಅವನ ಆರ್ಕೆಸ್ಟ್ರಾದವರದು ಒಂದು ವಾಟ್ಸಾಪ್ ಗುಂಪು ಇತ್ತು. ಹಾಡುವವರು, ನುಡಿಸುವವರು, ಸೌಂಡ್ ಸಿಸ್ಟಮ್‌ನವರು, ಅವರವರ ಪರಿಚಯದವರು. ನನ್ನನ್ನೂ ಅದಕ್ಕೆ ಸೇರಿಸಿದ್ದ. ನಾನು ಹೊಳೆನರಸೀಪುರದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡವಳು, ಆ ಗುಂಪಿನಲ್ಲಿ ನನಗೇನು ಕೆಲಸ? "ಇರ್ಲಿ ಬುಡಕ್ಕ, ಕೇಳೋರೂ ಬೇಕಲ್ಲ" ಅಂದಿದ್ದ. ನಾನು ಹಾಲು ಕಾಯಿಸುವ ಹೊತ್ತಿಗೆ ಸರಿಯಾಗಿ ಅವನ ಮೆಸೇಜ್ ಬರುತ್ತಿತ್ತು. ಮೇಲೆ "ಇಂದು ಹುಟ್ಟಿದವರು", ಕೆಳಗೆ "ಇಂದು ಅಗಲಿದವರು". ಎಲ್ಲಾ ಸಂಗೀತದವರೇ. ನಮ್ಮವರು, ತಮಿಳಿನವರು, ಹಿಂದಿಯವರು, ಅವರಾದ ಮೇಲೆ ನಾವ್ಯಾರೂ ಕೇಳಿರದ ಅಮೆರಿಕದವರು. ತುತ್ತೂರಿ ಹಿಡಿದ ಕರಿಯ, ಹ್ಯಾಟು ಹಾಕಿದ ಗಿಟಾರಿನ ಮುದುಕ, ಹೂವಿನ ಲಂಗದ ಹೆಂಗಸು. ಫೋನಿನಲ್ಲಿ ಹುಡುಕಿ ಹುಡುಕಿ ಹಾಕುತ್ತಿದ್ದ. ಕೆಳಗೆ ಆವರಣದಲ್ಲಿ ಜಾಸ್, ಕಂಟ್ರಿ, ಪಾಪ್ ಎಂದು ಬರೆದಿರುತ್ತಿದ್ದ.

ಒಮ್ಮೆ ಅವನು ಮನೆಗೆ ಬಂದಾಗ ಕೇಳಿದೆ. "ಈ ಜಾಸ್ ಅಂದ್ರೆ ಏನೋ?"

"ನಮ್ ಕಡೆ ಮದ್ವೆ ಬ್ಯಾಂಡ್‌ಸೆಟ್ನೋರು ಒಬ್ರಿಗೊಬ್ರು ಸೇರ್ದೆ ಊದ್ತಾರಲ್ಲ, ಅಂಗೆ ಕಣಕ್ಕ. ಇವ್ರು ಮರ್ತು ಊದ್ತಾರೆ, ಅವ್ರು ಕಲ್ತು ಊದ್ತಾರೆ. ಅಷ್ಟೇಯ."

"ಈ ಹ್ಯಾಟಿನೋನು?"

"ಇವ್ನು ಕಂಟ್ರಿ. ಒಲ, ಕುದ್ರೆ, ಲಾರಿ, ಬುಟ್ಟೋದ ಎಂಡ್ತಿ. ಇಂಗ್ಲೀಸ್ ಒಂದು ಬಂದಿದ್ರೆ ನಮ್ಮೂರ್ನೋರೆಲ್ಲಾ ಕಂಟ್ರಿ ಸಿಂಗರ್‌ಗಳೇ."

ಒಳಗಿನಿಂದ ಅವ್ವ ಕೂಗಿದಳು. "ಒತ್ತಾರೆ ಎದ್ದು ಸತ್ತೋರ್ ಎಸ್ರು ಏಳ್ಬ್ಯಾಡ ಕಣ್ಲಾ, ಒಲೆ ಮ್ಯಾಲೆ ಆಲು ಅದೆ."

"ಉಟ್ದೋರ್ ಎಸ್ರೂ ಏಳ್ತಿವ್ನಲ್ಲವ್ವ, ಆಲು ಒಡೆಯಾಕಿಲ್ಲ ಬುಡು" ಅಂದ.

ಮನೆಯಲ್ಲಿ ಅವನ ಮಾತು ಹೀಗೆ. ನಮ್ಮೆಲ್ಲರದೂ ಹೀಗೆಯೇ. ಹ ಅಕ್ಷರ ನಮ್ಮ ಬಾಯಲ್ಲಿ ನಿಲ್ಲುವುದಿಲ್ಲ. ಶಾಲೆಯಲ್ಲಿ "ಹಾಲು ಅನ್ನು, ಹೋಗು ಅನ್ನು" ಎಂದು ಮೇಷ್ಟ್ರು ತಲೆಯ ಮೇಲೆ ಮೊಟಕುತ್ತಿದ್ದರು. ನಾನು ಬರೆಯುವಾಗ ಸರಿಯಾಗಿ ಬರೆಯುವುದನ್ನು ಕಲಿತೆ. ಅವನಿಗೆ ಅದು ಬೇರೆ ರೀತಿ ಹಿಡಿಯಿತು. ಮೈಕಿನ ಮುಂದೆ ನಿಂತರೆ ಎಲ್ಲಿ ಹ ಬಿಟ್ಟುಹೋಗುತ್ತದೋ ಎಂಬ ಹೆದರಿಕೆಗೆ, ಇಲ್ಲದ ಕಡೆಯೆಲ್ಲ ಸೇರಿಸಿಬಿಡುತ್ತಿದ್ದ. ಎದೆ ಎಂಬುದು ಹೆದೆ ಆಗುತ್ತಿತ್ತು. ಆಸೆ ಹಾಸೆ ಆಗುತ್ತಿತ್ತು. ಆಕಾಶಕ್ಕೆ ಹಾಕಾಶ. ರಾಗ ಸರಿ, ತಾಳ ಸರಿ, ಆ ದೊಡ್ಡ ಗಾಯಕರ ದನಿಯೇ ಎದ್ದು ಬಂದ ಹಾಗೆ ಹಾಡುತ್ತಾ ಹಾಡುತ್ತಾ ನಡುವೆ ಒಂದು ಹೆದೆ. ಗೊತ್ತಿಲ್ಲದವರಿಗೆ ಅದು ಭಾವ ತುಂಬಿ ಉಸಿರು ಬಿಟ್ಟ ಹಾಗೆ ಕೇಳುತ್ತಿತ್ತು. ಗೊತ್ತಿದ್ದವರು ನಗುತ್ತಿದ್ದರು. ಕೀಬೋರ್ಡ್ ನುಡಿಸುವವನಂತೂ, ಅವನೇ ಆರ್ಕೆಸ್ಟ್ರಾದ ಮಾಲೀಕ, ಪ್ರಾಕ್ಟೀಸಿನಲ್ಲಿ ಕೈ ನಿಲ್ಲಿಸಿ ಬೈಯುತ್ತಿದ್ದನಂತೆ. "ಲೇ, ಇರೋ ಕಡೆ ನುಂಗ್ತೀಯ, ಇಲ್ದಿರೋ ಕಡೆ ಉಗೀತೀಯ. ಎದೆ ಕಣ್ಲಾ, ಎದೆ!"

ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆ ದೊಡ್ಡವರ ಹೆಸರಿನ ಹಿಂದೆ ಜೂನಿಯರ್ ಎಂದು ಸೇರಿಸಿದರೆ ಅವನ ಹೆಸರಾಯಿತು. ರಸಮಂಜರಿಯವರ ಪದ್ಧತಿಯೇ ಹಾಗೆ. ನಟರ ಜೂನಿಯರ್, ಗಾಯಕರ ಜೂನಿಯರ್, ಎಲ್ಲಾ ಊರಿನಲ್ಲೂ ಒಬ್ಬೊಬ್ಬ. ಕರಪತ್ರದಲ್ಲಿ ಹಾಗೆ ಬರೆದರೆ ಜನ ಸೇರುತ್ತಾರೆ. ಬರುಬರುತ್ತಾ ನಮ್ಮ ಬೀದಿಯವರೂ ನನ್ನನ್ನು "ಜೂನಿಯರ್ ಅಕ್ಕ" ಎನ್ನತೊಡಗಿದರು. ಅವನಿಗೆ ಅದು ಬೇಸರವಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳಲಿಲ್ಲ. ವೇದಿಕೆಗೆ ಹಾಕುವ ಹೊಳೆಯುವ ಕಾಲರಿನ ಕೋಟು ನಾನೇ ಹೊಲಿದುಕೊಡುತ್ತಿದ್ದೆ. ಅಳತೆ ತೆಗೆಯುವಾಗ ತೋಳು ಚಾಚಿಕೊಂಡು ಏನಾದರೂ ಗುನುಗುತ್ತಿದ್ದ. ಆ ದನಿ ಬೇರೆ. ತೆಳುವಾಗಿ, ಸ್ವಲ್ಪ ಮೂಗಿನಲ್ಲಿ, ನಮ್ಮಪ್ಪನ ದನಿಯ ಹಾಗೆ. ಅದರಲ್ಲಿ ಯಾವ ಹೆದೆಯೂ ಇರುತ್ತಿರಲಿಲ್ಲ. ಅದನ್ನು ಕೇಳಿದವರು ಅವ್ವ ಮತ್ತು ನಾನು, ಇಬ್ಬರೇ.

ಅವನು ಮದುವೆಯಾಗಲಿಲ್ಲ. ರಸಮಂಜರಿಯವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಕೆಲವರು, ಕೊಟ್ಟರೂ ಇವನು ಮನೆಯಲ್ಲಿ ಇರುವುದು ಯಾವಾಗ ಎಂದು ಕೆಲವರು. ಹಾಸನದಲ್ಲಿ ಒಂದು ರೂಮು ಮಾಡಿಕೊಂಡಿದ್ದ. ಹಗಲು ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ, ಕಾರ್ಯಕ್ರಮ ಇದ್ದ ದಿನ ರಜ.

ಅವತ್ತು ಅರಕಲಗೂಡಿನಲ್ಲಿ ಕಾರ್ಯಕ್ರಮ. ಸಂಜೆ ಬೆಳಕಿರುವಾಗಲೇ ಶುರುವಾಗಿತ್ತು. ಎರಡು ಹಾಡು ಹಾಡಿ ಕೆಳಗಿಳಿದು ಎದೆ ಉರಿಯುತ್ತಿದೆ ಎಂದನಂತೆ. ನಮ್ಮ ಕಡೆ ಎದೆಯಲ್ಲಿ ಏನಾದರೂ ಅದು ಗ್ಯಾಸ್ಟ್ರಿಕ್ಕೇ. ಒಬ್ಬರು ಸೋಡಾ ತಂದುಕೊಟ್ಟರು, ಇನ್ನೊಬ್ಬರು ಬೆನ್ನು ನೀವಿದರು, ಮತ್ತೊಬ್ಬರು ಮಧ್ಯಾಹ್ನದ ಬಜ್ಜಿಯನ್ನು ಬೈದರು. ಸೋಡಾ ಕುಡಿದು, ತೇಗಿ, "ಓಯ್ತು ಕಣ್ರೋ" ಎಂದು ನಗುತ್ತಾ ಮತ್ತೆ ಹತ್ತಲು ಎದ್ದು ನಿಂತವನು ಮೆಟ್ಟಿಲ ಹತ್ತಿರವೇ ಬಿದ್ದ. ಹಾಸನದ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲಿ ಪ್ರಾಣ ಹೋಯಿತು. ಅತ್ತ ವೇದಿಕೆಯ ಮೇಲೆ ಇನ್ನೊಬ್ಬರು ಅವನು ಹಾಡಬೇಕಾಗಿದ್ದ ಹಾಡು ಹಾಡುತ್ತಿದ್ದರು. ಅದನ್ನು ತಪ್ಪು ಎಂದು ನಾನು ಹೇಳುವುದಿಲ್ಲ. ಜನ ಕುಳಿತಿದ್ದಾರೆ, ಯಾರೋ ಹಾಡಲೇಬೇಕು.

ನನ್ನ ತಲೆ ಕೆಟ್ಟದ್ದು ಮಾರನೆಯ ದಿನ ಬೆಳಿಗ್ಗೆ. ಹಳೇಕೋಟೆಯ ಬಸ್‌ಸ್ಟಾಪಿನ ಹತ್ತಿರ ಆರ್ಕೆಸ್ಟ್ರಾದವರು ಶ್ರದ್ಧಾಂಜಲಿ ಫ್ಲೆಕ್ಸ್ ಕಟ್ಟಿಸಿದ್ದರು. ಪಾಪ, ಪ್ರೀತಿಯಿಂದಲೇ ಮಾಡಿಸಿದ್ದು. ಆದರೆ ಫ್ಲೆಕ್ಸಿನ ತುಂಬಾ ಆ ದೊಡ್ಡ ಗಾಯಕರು ಕೈಮುಗಿದು ನಿಂತಿದ್ದಾರೆ. ನನ್ನ ತಮ್ಮ ಕೆಳಗಿನ ಮೂಲೆಯಲ್ಲಿ, ಪಾಸ್‌ಪೋರ್ಟ್ ಫೋಟೋದಷ್ಟು. ಬರೆದಿರುವುದು ಜೂನಿಯರ್ ಇಂಥವರಿಗೆ ಭಾವಪೂರ್ಣ ಶ್ರದ್ಧಾಂಜಲಿ ಎಂದು. ಆ ಜೂನಿಯರ್ ಎಂಬ ಅಕ್ಷರ ಸಣ್ಣದು, ಮುಂದಿನ ಹೆಸರು ದೊಡ್ಡದು. ರಸ್ತೆಯಲ್ಲಿ ಹೋಗುವವರು ಏನು ತಿಳಿಯಬೇಕು? ಹರದನಹಳ್ಳಿಯಲ್ಲಿರುವ ನಮ್ಮ ಸೋದರಮಾವ, ಫೋನ್ ಇಟ್ಟುಕೊಂಡವರಲ್ಲ, ಆ ಫ್ಲೆಕ್ಸಿನ ಮುಂದೆಯೇ ಬಸ್ಸಿನಲ್ಲಿ ಹಾದು ಹೋಗಿ, ಹೊಳೆನರಸೀಪುರದಲ್ಲಿ ಸಂತೆ ಮುಗಿಸಿಕೊಂಡು ಊರಿಗೆ ಮರಳಿದರು. ಮಣ್ಣಿಗೆ ಬರಲಿಲ್ಲ. ಮೂರನೆಯ ದಿನ ಬಂದು ಜಗಲಿಯ ಮೇಲೆ ಕುಳಿತು ತಲೆ ಚಚ್ಚಿಕೊಂಡರು.

"ನೋಡ್ದೆ ಕಣವ್ವ, ಕಣ್ಣಾರೆ ನೋಡ್ದೆ. ಪ್ರತಿ ವರ್ಸ ಕಟ್ತಾರಲ್ಲ, ಅದೇಯ ಅಂದ್ಕಂಡೆ. ನಮ್ಮುಡ್ಗ ಅಂತ ಎಂಗ್ ತಿಳೀತದೆ?"

ಅವ್ವ ಅವರಿಗೆ ಕಾಫಿ ಕೊಡು ಎಂದು ನನಗೆ ಸನ್ನೆ ಮಾಡಿದಳು.

ಆ ವಾರವೆಲ್ಲ ಫೋನಿನ ಸ್ಟೇಟಸ್‌ಗಳಲ್ಲಿ ಅವನ ಫೋಟೋ ಬಂತು. ಫೋಟೋದ ಹಿಂದೆ ಹಾಡು. ಒಂದೊಂದನ್ನೂ ಕಿವಿಗೆ ಹತ್ತಿರ ಹಿಡಿದು ಕೇಳಿದೆ. ಎಲ್ಲಾ ಸಿನಿಮಾದಿಂದ ತೆಗೆದದ್ದು, ಆ ದೊಡ್ಡವರೇ ಹಾಡಿದ್ದು. ನನ್ನ ತಮ್ಮ ಫೋಟೋದಲ್ಲಿ ಬಾಯಿ ತೆರೆದು ನಿಂತಿದ್ದಾನೆ, ದನಿ ಬೇರೆಯವರದು. ಯಾರಿಗೂ ಅದು ತಪ್ಪು ಎನಿಸಿರಲಿಲ್ಲ.

ಅವನದೇ ದನಿ ಎಲ್ಲಾದರೂ ಇರಬೇಕಲ್ಲ ಎಂದು ಆ ವರ್ಷವೆಲ್ಲ ಕೇಳಿದೆ. ನಾನು ಹೆಚ್ಚು ಮಾತಾಡುವವಳಲ್ಲ. ಒಬ್ಬೊಬ್ಬರಿಗೆ ಫೋನ್ ಮಾಡುವ ಮುಂಚೆ ಏನು ಹೇಳಬೇಕೆಂದು ಒಂದು ಸಲ ಮನಸ್ಸಿನಲ್ಲಿ ಹೇಳಿಕೊಂಡು ಮಾಡುತ್ತಿದ್ದೆ. ಸೌಂಡ್ ಸಿಸ್ಟಮ್‌ನವನು ಫೋನ್ ಬದಲಾಯಿಸಿದೆ ಎಂದ. ಇನ್ನೊಬ್ಬ ಕಳಿಸಿದ್ದರಲ್ಲಿ ಬರೀ ಶಿಳ್ಳೆ ಮತ್ತು ಡ್ರಮ್ಮು. ನುಗ್ಗೇಹಳ್ಳಿಯಲ್ಲಿ ಒಂದು ಮದುವೆಯಲ್ಲಿ ಹಾಡಿದ್ದು ವಿಡಿಯೋ ಆಗಿದೆ ಎಂದು ಯಾರೋ ಹೇಳಿದರು. ಬಸ್ ಹತ್ತಿ ಹೋದೆ. ಆ ಮನೆಯವರು ಒಳ್ಳೆಯವರು, ಕೂರಿಸಿ, ಎಳನೀರು ಕೊಟ್ಟು, ಟಿವಿಗೆ ಹಾಕಿ ತೋರಿಸಿದರು. ವಿಡಿಯೋ ಮಾಡಿದವನು ಚೆನ್ನಾಗಿರಲಿ ಎಂದು ನನ್ನ ತಮ್ಮನ ದನಿ ತೆಗೆದು ಸಿನಿಮಾ ಹಾಡನ್ನೇ ಕೂರಿಸಿದ್ದ. ಆ ಮನೆಯ ಯಜಮಾನರು ನನ್ನ ಮುಖ ನೋಡಿ, "ಎಂಗಾಡವ್ನೆ ನೋಡಿ ಮೇಡಮ್, ಥೇಟ್ ಅವ್ರೇಯ!" ಎಂದರು. ಎಳನೀರು ಕುಡಿದ ಬಾಯಲ್ಲಿ ನಾನು ಏನು ಹೇಳಲಿ? ಹೌದು ಎಂದು ಬಂದೆ.

ಬೆಳಗಿನ ಮೆಸೇಜ್ ನಿಂತಿರಲಿಲ್ಲ. ಅವನು ಹೋದ ಮೇಲೆ ಕೀಬೋರ್ಡಿನವನು ಅದನ್ನು ಕೈಗೆತ್ತಿಕೊಂಡ. ಅವನು ಜಾಸ್, ಕಂಟ್ರಿ ಎಂದು ಬರೆಯುವುದಿಲ್ಲ, ಹೂವು, ದೀಪ, ಕೈಮುಗಿದ ಚಿತ್ರ ಜಾಸ್ತಿ ಹಾಕುತ್ತಾನೆ. ಆದರೂ ತುತ್ತೂರಿಯವರು, ಹ್ಯಾಟಿನವರು ಬರುತ್ತಿದ್ದರು. ಅಮೆರಿಕದ ಯಾವುದೋ ಹಳ್ಳಿಯಲ್ಲಿ ಸತ್ತವನಿಗೆ ಹೊಳೆನರಸೀಪುರದ ನನ್ನ ಅಡುಗೆಮನೆಯಲ್ಲಿ ಒಂದು ಸಾಲು ಇರುತ್ತಿತ್ತು. ಹಾಗಾಗಿ ವರ್ಷ ತುಂಬುವ ದಿನ ನನ್ನ ತಮ್ಮನದೂ ಒಂದು ಸಾಲು ಬಂದೇ ಬರುತ್ತದೆ ಎಂದುಕೊಂಡೆ. ಅವನೇ ಶುರುಮಾಡಿದ ಮೆಸೇಜ್ ಅದು. ಯಾರೂ ಹೇಳಿಕೊಡಬೇಕಾಗಿಲ್ಲ.

ಆ ದಿನ ಬೆಳಿಗ್ಗೆ ಮೆಸೇಜ್ ಬಂತು. ಹುಟ್ಟಿದವರು ಯಾರೋ ಇಬ್ಬರು. ಅಗಲಿದವರು ಆ ದೊಡ್ಡ ಗಾಯಕರು, ದೊಡ್ಡ ಅಕ್ಷರದಲ್ಲಿ, ಸುತ್ತಲೂ ಹೂವು. ಕೆಳಗೆ ಅಮೆರಿಕದ ಒಬ್ಬ ಪಿಯಾನೋದವನು. ಅಷ್ಟೇ. ಮೇಲಕ್ಕೆ ಕೆಳಕ್ಕೆ ಎಳೆದು ನೋಡಿದೆ. ಹಾಲು ಉಕ್ಕಿ ಒಲೆಯ ಮೇಲೆ ಹರಿಯಿತು.

ಕೀಬೋರ್ಡಿನವನಿಗೆ ಫೋನ್ ಮಾಡಿದೆ. ಹಿಂದೆ ಲಗೇಜ್ ಆಟೋಗೆ ಸ್ಪೀಕರ್ ಏರಿಸುವ ಗಲಾಟೆ ಕೇಳುತ್ತಿತ್ತು.

"ಅಕ್ಕ, ಸಂಜೆ ಚನ್ನರಾಯಪಟ್ಣದಲ್ಲಿ ಪ್ರೋಗ್ರಾಮ್ ಅದೆ, ಅರ್ಜೆಂಟಲ್ಲಿವ್ನಿ. ಏಳಿ."

"ಇವತ್ತು ಯಾವ ದಿನ ಅಂತ ಗೊತ್ತಾ?"

"ಗೊತ್ತಿಲ್ದೆ ಏನಕ್ಕ? ಅದ್ಕೇ ಅಲ್ವಾ ಪ್ರೋಗ್ರಾಮು."

"ನನ್ನ ತಮ್ಮಂದು ಕಣಪ್ಪ ನಾನು ಕೇಳ್ತಿರೋದು."

ಸ್ಪೀಕರ್ ಏರಿಸುತ್ತಿದ್ದವರಿಗೆ ತಡೀರಿ ಎಂದು ಕೂಗಿದ. ಆಮೇಲೆ ಹೇಳಿದ. "ಅಯ್ಯೋ ಅಕ್ಕ, ಮರ್ತಿಲ್ಲ ಕಣಕ್ಕ. ಗುರುಗಳ್ ಎಸ್ರು ಕೆಳಗೆ ಅವ್ನೆಸ್ರು ಆಕದೆಂಗೆ? ಒಂದೇ ಸಮ ಮಾಡ್ಬುಟ್ಟಂಗೆ ಆಯ್ತದೆ, ಜನ ಏನಂತಾರೆ? ಅವ್ನೇ ಬದ್ಕಿದ್ರೂ ಬ್ಯಾಡ ಅಂತಿದ್ದ."

ಪಿಯಾನೋದವನನ್ನು ಹಾಕಿದ್ದೀಯಲ್ಲ ಎಂದೆ.

"ಅವ್ನು ಅಮೆರಿಕದೋನಲ್ವಾ ಅಕ್ಕ" ಎಂದ. ಅದು ಅವನಿಗೆ ಸರಿಯಾದ ಉತ್ತರವಾಗಿ ಕಂಡಿತ್ತು. ಆಮೇಲೆ ದನಿ ತಗ್ಗಿಸಿ, "ನೀವು ಸಂಜೆ ಬನ್ನಿ. ನಡ್ವೆ ಎರಡು ನಿಮಿಸ ಅವ್ನಿಗೇ ಇಟ್ಟಿವ್ನಿ. ಅವ್ನು ಆಡಿರೋದ್ನೇ ಆಕುಸ್ತೀನಿ, ಮೊನ್ನೆ ನನ್ ಅಳೇ ಪೆನ್‌ಡ್ರೈವಲ್ಲಿ ಸಿಕ್ತು" ಎಂದ.

ಅವನು ಹಾಡಿರುವುದು. ವರ್ಷವಿಡೀ ನಾನು ಹುಡುಕಿದ್ದು ಇವನ ಹತ್ತಿರವೇ ಇತ್ತೇ? ಸಿಟ್ಟು ಮಾಡಿಕೊಳ್ಳಲೂ ಪುರುಸೊತ್ತಿಲ್ಲದೆ, ಅವ್ವನನ್ನು ನೋಡಿಕೊಳ್ಳಲು ಪಕ್ಕದ ಮನೆಯವರಿಗೆ ಹೇಳಿ ಬಸ್ ಹತ್ತಿದೆ. ಅವ್ವ ಬರುವುದಿಲ್ಲ ಎಂದಳು. ಅವಳ ಲೆಕ್ಕದಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟಾಗಿದೆ, ಅವನಿಗೆ ಇಷ್ಟವಾದ ಕೋಳಿಸಾರು ಮುದ್ದೆ ಬಡಿಸಿಯಾಗಿದೆ. ತಾರೀಖಿನ ಜಗಳ ನಿಂದು, ನೀನೇ ಹೋಗು ಎಂದಳು.

ಚನ್ನರಾಯಪಟ್ಟಣದ ಒಂದು ಕಲ್ಯಾಣ ಮಂಟಪ. ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ವೇದಿಕೆಯ ಮೇಲೆ ದೊಡ್ಡ ಫೋಟೋ, ಅದರ ಪಕ್ಕ ಕುರ್ಚಿಯ ಮೇಲೆ ನನ್ನ ತಮ್ಮನದು, ಈ ಸಲ ಸ್ವಲ್ಪ ದೊಡ್ಡದು. ಹಾರವೂ ಇತ್ತು. ನಡುವೆ ನಿರೂಪಕಿ ಬಂದು ಕಳೆದ ವರ್ಷ ಇದೇ ಪುಣ್ಯದಿನ ಗುರುಗಳ ಪಾದ ಸೇರಿದ ನಮ್ಮ ಜೂನಿಯರ್ ಎಂದು ಶುರುಮಾಡಿದರು. ಅವನ ಹೆಸರು ಹೇಳುತ್ತಾರೆ ಎಂದು ಕಾದೆ. ಹೇಳಲಿಲ್ಲ. ಅವರಿಗೆ ಗೊತ್ತಿರಲಿಲ್ಲವೇನೋ. ಎಲ್ಲರೂ ಎದ್ದು ನಿಂತರು. ಸ್ಪೀಕರಿನಲ್ಲಿ ಹಾಡು ಬಂತು.

ಮೊದಲ ಸಾಲಿಗೆ ನನ್ನ ಕಣ್ಣು ತುಂಬಿತು. ಅವನೇ ಎನಿಸಿತು. ಚರಣದಲ್ಲಿ ಎದೆ ಎಂಬ ಮಾತು ಬರುತ್ತದೆ, ಅದು ನನಗೆ ಗೊತ್ತು. ಉಸಿರು ಹಿಡಿದು ಕಾದೆ. ಎದೆ ಎಂದೇ ಬಂತು. ಚೊಕ್ಕಟವಾಗಿ, ಶುದ್ಧವಾಗಿ, ಎದೆ. ಮುಂದೆ ಆಸೆ ಬಂತು, ಅದೂ ಆಸೆಯೇ. ನನ್ನ ಕಣ್ಣು ಒಣಗಿತು. ಪಕ್ಕದ ಹೆಂಗಸು ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, "ಎಂಗಾಡ್ತಿದ್ದ ಪುಣ್ಯಾತ್ಮ" ಎಂದಳು.

ಕಾರ್ಯಕ್ರಮದ ನಡುವೆ ಟೀ ಕುಡಿಯಲು ಬಂದ ಕೀಬೋರ್ಡಿನವನನ್ನು ಅಡುಗೆಮನೆಯ ಹತ್ತಿರ ನಿಲ್ಲಿಸಿದೆ.

"ಅದು ಅವನಲ್ಲ."

"ಅಕ್ಕ, ಅವ್ನೇಯ."

"ಅವನಾಗಿದ್ರೆ ಹೆದೆ ಅಂತಿದ್ದ."

ಅವನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ಒಂದು ಗಳಿಗೆ ನಗು ಬಂದು ಹೋಯಿತು ಅವನ ಮುಖದಲ್ಲಿ. ಆಮೇಲೆ ತಲೆ ಕೆರೆದುಕೊಂಡ. ಅವನ ಹತ್ತಿರ ಇದ್ದದ್ದು ನಿಜ, ನನ್ನ ತಮ್ಮನೇ ಹಾಡಿದ್ದು ನಿಜ. ಮಧ್ಯಾಹ್ನ ಇಲ್ಲಿಗೆ ಬಂದ ಮೇಲೆ ಹಾಕಿ ಕೇಳಿದನಂತೆ. ಎದೆ ಬಂದ ಕಡೆಯೆಲ್ಲ ಹೆದೆ. ಗುರುಗಳ ಫೋಟೋ ಮುಂದೆ, ಅಷ್ಟು ಜನರ ಮುಂದೆ, ಸತ್ತವನ ತಪ್ಪನ್ನು ಯಾಕೆ ಕೇಳಿಸಬೇಕು ಎಂದು ಸಿನಿಮಾ ಹಾಡು ಹಾಕಿಸಿದೆ ಎಂದ. "ಮರ್ಯಾದೆ ಉಳ್ಸಾಕೆ ಮಾಡ್ದೆ ಕಣಕ್ಕ. ಜನ ನಗ್ಬಾರ್ದಲ್ಲ."

"ಆ ರೆಕಾರ್ಡಿಂಗು ಕೊಡು ನನಗೆ."

ಅವನು ನೆಲ ನೋಡಿದ. "ಅದನ್ನ ಅಲ್ಲೇ ಡಿಲೀಟ್ ಮಾಡ್ಬುಟ್ಟೆ ಅಕ್ಕ. ತಪ್ಪೋಗಿ ಅದೇ ಪ್ಲೇ ಆಗ್ಬುಟ್ರೆ ಅಂತ."

ನಾನು ಕೂಗಾಡಲಿಲ್ಲ. ಕೂಗಾಡಿ ಅಭ್ಯಾಸವಿದ್ದಿದ್ದರೆ ಕೂಗಾಡುತ್ತಿದ್ದೆ. ಪಾತ್ರೆ ತೊಳೆಯುವವರು ನೋಡುತ್ತಿದ್ದರು. ಅವನು ನನ್ನ ತಮ್ಮನ ಜೊತೆ ಎಷ್ಟೋ ಊರು ಸುತ್ತಿದವನು, ಅವನ ಹೆಣ ಹೊತ್ತವನು, ಅವನ ಮರ್ಯಾದೆ ಉಳಿಸಲು ಹೋಗಿ ಅವನ ದನಿಯನ್ನು ಅಳಿಸಿದ್ದ. ಬೈಯಲು ಒಬ್ಬ ಕೆಟ್ಟವನಾದರೂ ಸಿಕ್ಕಿದ್ದರೆ ಚೆನ್ನಾಗಿತ್ತು. ಸೆರಗು ಹೊದ್ದು ಬಸ್‌ಸ್ಟ್ಯಾಂಡಿಗೆ ನಡೆದೆ. ಹಿಂದಿನಿಂದ ಮತ್ತೆ ಹಾಡು ಶುರುವಾಯಿತು.

ಮಾರನೆಯ ದಿನ ಬೆಳಿಗ್ಗೆ ಫೋನ್ ಸದ್ದು ಮಾಡಿದಾಗ ನೋಡುವುದು ಬೇಡ ಎಂದುಕೊಂಡೆ. ಒಂದು ಬ್ಲೌಸಿಗೆ ಕೊಕ್ಕೆ ಹಾಕಿ ಮುಗಿಸಿ ನೋಡಿದೆ. ಹುಟ್ಟಿದವರು ಇಬ್ಬರು, ಹೊರದೇಶದವರು. ಅಗಲಿದವರು ಒಬ್ಬನೇ. ಜೂನಿಯರ್ ಇಂಥವರು, ಆವರಣದಲ್ಲಿ ನನ್ನ ತಮ್ಮನ ನಿಜವಾದ ಹೆಸರು.

ತಾರೀಖು ತಪ್ಪು. ಅವನು ಹೋದದ್ದು ಹಿಂದಿನ ದಿನ. ಒಂದು ಸಾಲು ಕೇಳಿದರೆ ಅದನ್ನೂ ಸರಿಯಾದ ದಿನ ಹಾಕಲು ಆಗಲಿಲ್ಲವಲ್ಲ ಇವರಿಗೆ. ಮತ್ತೆ ಫೋನ್ ಮಾಡಿದೆ. ಈ ಸಲ ಏನು ಹೇಳಬೇಕೆಂದು ಮೊದಲೇ ಹೇಳಿಕೊಳ್ಳಲಿಲ್ಲ.

"ಸತ್ತ ದಿನಾನೂ ನಿಮಗೆ ಇಷ್ಟ ಬಂದಂಗೆ ಬರ್ಕೊಳ್ತೀರಾ? ಮೇಷ್ಟ್ರು ಹುಟ್ಟಿದ್ದು ಬರೆದ್ರು, ನೀನು ಸತ್ತಿದ್ದು ಬರೀ!"

"ನಿನ್ನೆ ಅಂತ ಗೊತ್ತಕ್ಕ" ಎಂದ. ದನಿ ಒಡೆದಿತ್ತು, ಕಾರ್ಯಕ್ರಮದ ಮಾರನೆಯ ದಿನ ಅವರೆಲ್ಲರ ದನಿ ಹಾಗೆಯೇ. "ನಿನ್ನೆ ಆಕಿದ್ರೆ ಕೆಳಗೆಲ್ಲೋ ಬೀಳ್ತಿದ್ದ. ಯಾರೂ ಓದ್ತಿರ್ನಿಲ್ಲ. ಇವತ್ತು ನೋಡಿ, ದೊಡ್ಡೋರು ಯಾರೂ ಇಲ್ಲ. ಒಬ್ನೇ ಅವ್ನೆ. ಇನ್ಮ್ಯಾಕೆ ಪ್ರತಿ ವರ್ಸನೂವೇ ಇವತ್ತೇ ಆಕ್ತೀನಿ."

ಸರಿ ಎನ್ನಲು ಮನಸ್ಸಿಲ್ಲ, ಬೇಡ ಎಂದರೆ ಇದೂ ಇಲ್ಲ. ಕೊನೆಗೆ, "ಹಾಗಾದ್ರೆ ಆ ಜೂನಿಯರ್ ತೆಗಿ" ಎಂದೆ.

"ತೆಗುದ್ರೆ ಯಾರೂಂತ ಗೊತ್ತಾಗದೆಂಗಕ್ಕ?"

"ತೆಗಿ."

ತೆಗೆದ. ಗುಂಪಿನಲ್ಲಿ ಈ ಸಂದೇಶ ಅಳಿಸಲಾಗಿದೆ ಎಂದು ಬಂತು. ಸ್ವಲ್ಪ ಹೊತ್ತಿಗೆ ಹೊಸದು ಬಂತು. ಇಂದು ಅಗಲಿದವರು, ಮುಂದೆ ನನ್ನ ತಮ್ಮನ ಹೆಸರು, ಅವ್ವ ಅಪ್ಪ ಇಟ್ಟ ಹೆಸರು, ಬರಿಯ ಹೆಸರು. ಹೂವು, ದೀಪ. ಕೆಳಗೆ ಕೈಮುಗಿದ ಚಿತ್ರಗಳು ಬರತೊಡಗಿದವು. ಅವುಗಳ ನಡುವೆ, ಗುಂಪಿಗೆ ಹೊಸದಾಗಿ ಸೇರಿದ ಯಾರೋ ಒಬ್ಬರು ಕೇಳಿದ್ದರು: "ಇವರು ಯಾರು? ಗೊತ್ತಾಗಲಿಲ್ಲ."

ಯಾರಾದರೂ ಹೇಳುತ್ತಾರೆ ಎಂದು ಕಾದೆ. ಅಷ್ಟು ಜನ ಹಾಡುವವರು, ನುಡಿಸುವವರು ಇದ್ದಾರೆ. ಕೀಬೋರ್ಡಿನವನು ನೋಡಿರಲೇಬೇಕು, ಬರೆಯಲಿಲ್ಲ. ಜೂನಿಯರ್ ತೆಗೆಸಿದವಳು ನಾನು, ನಾನೇ ಹೇಳಲಿ ಎಂದು ಬಿಟ್ಟಿದ್ದನೋ ಏನೋ. ಆ ಗುಂಪಿನಲ್ಲಿ ನಾನು ಒಂದು ದಿನವೂ ಏನೂ ಬರೆದವಳಲ್ಲ. ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟು ಬರೆದೆ: "ನನ್ನ ತಮ್ಮ. ಹಾಡುತ್ತಿದ್ದ."

ಕೂಡಲೇ ಕೇಳಿದರು. "ಯಾವ ಹಾಡು ಮೇಡಮ್?"

ಅವನದು ಎಂದು ತೋರಿಸಲು ನನ್ನ ಹತ್ತಿರ ಒಂದು ಹಾಡೂ ಇಲ್ಲ. ಎಲ್ಲಾ ಆ ದೊಡ್ಡವರ ಹಾಡುಗಳೇ. ಬರೆದೆ, ಅಳಿಸಿದೆ, ಮತ್ತೆ ಬರೆದೆ. ಬಾಗಿಲಲ್ಲಿ ಯಾರೋ ಬ್ಲೌಸ್ ಪೀಸ್ ಹಿಡಿದುಕೊಂಡು "ಅಕ್ಕ, ಇದೀರಾ?" ಎಂದು ಕರೆಯುತ್ತಿದ್ದರು. "ಎಲ್ಲಾ ಹಾಡುತ್ತಿದ್ದ" ಎಂದು ಕಳಿಸಿ, ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಎದ್ದೆ.